ಕಥೆಯ ಸಾಹುಕಾರನಿಗೆ 42, ಅವಳಿಗೆ 23: ಓದೋಕೆ ಇಷ್ಟವಾ, ಇರುಸುಮುರುಸಾ?

ತೋಟದ_ದಾರಿ (ಚಿಕ್ಕಮಗಳೂರು)
ಎಲ್ಲರಿಗೂ ನಮಸ್ಕಾರ. ನಾನು ಒಂದು ಕಥೆ ಆ್ಯಪ್‌ನಲ್ಲಿ ಧಾರಾವಾಹಿ ಬರೆಯುತ್ತಿದ್ದೇನೆ. ಪ್ರೇಮಕಥೆ. ಮೂಡಿಗೆರೆ ಕಡೆಯ ಕಾಫಿ ತೋಟ. ನಾಯಕ ತೋಟದ ಸಾಹುಕಾರ, ವಯಸ್ಸು 42. ನಾಯಕಿಗೆ 23. ಡಿಗ್ರಿ ಮುಗಿಸಿ ಅದೇ ತೋಟದ ಆಫೀಸಿಗೆ ಲೆಕ್ಕ ಬರೆಯೋಕೆ ಬರುತ್ತಾಳೆ. ಇಷ್ಟು ದಿನ ಎಲ್ಲ ಚೆನ್ನಾಗೇ ಇತ್ತು. ಅರಳಿದ ಕಾಫಿ ಹೂವಿನ ನಡುವೆ ಅವನು ಅವಳ ಕೈ ಹಿಡಿಯುವ ಕಂತು ಹಾಕಿದೆ ನೋಡಿ, ಕಮೆಂಟಿನಲ್ಲಿ ಜಗಳ ಶುರು. ಅರ್ಧ ಜನ "ಥೂ, ಅಪ್ಪನ ವಯಸ್ಸಿನವನು" ಅಂತಾರೆ. ಇನ್ನರ್ಧ ಜನ "ಮುಂದಿನ ಕಂತು ಬೇಗ ಹಾಕಿ" ಅಂತಾರೆ. ಒಬ್ಬರಂತೂ ನನ್ನ ಸ್ವಂತ ಮದುವೆ ಬಗ್ಗೆಯೇ ವಿಚಾರಿಸಿದ್ದಾರೆ! ನಮ್ಮ ಯಜಮಾನರು ನನಗಿಂತ ಎರಡು ವರ್ಷ ದೊಡ್ಡವರು ಅಷ್ಟೇ, ಸಮಾಧಾನ ಆಯ್ತಾ?

ನನ್ನ ಪ್ರಶ್ನೆ ಇದು. ಕಥೆಯಲ್ಲಿ ಜೋಡಿಯ ನಡುವೆ ಎಷ್ಟು ವರ್ಷ ಅಂತರ ಇದ್ದರೆ ನಿಮಗೆ ಓದೋಕೆ ಆಗುತ್ತೆ? ಎಲ್ಲಿಂದ ಕಿರಿಕಿರಿ ಶುರುವಾಗುತ್ತೆ?

ಕಡೂರು_ಎಕ್ಸ್‌ಪ್ರೆಸ್
ಹತ್ತು. ಅದಕ್ಕಿಂತ ಮೇಲೆ ಹೋದರೆ ನಾನು ಓದೋಲ್ಲ.

ಶಿಲಾಬಾಲಿಕೆ (ಬೇಲೂರು)
ಒಂಬತ್ತಾದರೆ ಪ್ರೇಮ, ಹನ್ನೊಂದಾದರೆ ಪಾಪವಾ?

ಕಡೂರು_ಎಕ್ಸ್‌ಪ್ರೆಸ್
ಎಲ್ಲಾದರೂ ಒಂದು ಕಡೆ ಗೆರೆ ಎಳೀಲೇಬೇಕಲ್ಲ ಮೇಡಂ.

ಪುಸ್ತಕದ_ಹುಳ
ಗೆರೆಗೆ ಒಂದು ಹಳೇ ಲೆಕ್ಕ ಇದೆ. ದೊಡ್ಡವರ ವಯಸ್ಸಿನ ಅರ್ಧ ತಗೊಂಡು ಏಳು ಸೇರಿಸಿ. ಚಿಕ್ಕವರ ವಯಸ್ಸು ಅದಕ್ಕಿಂತ ಕಮ್ಮಿ ಇರಬಾರದು. 42ರ ಅರ್ಧ 21, ಮತ್ತೆ 7 ಸೇರಿಸಿದರೆ 28. ಅಕ್ಕಾ, ನಿಮ್ಮ ನಾಯಕಿ ಐದು ವರ್ಷಕ್ಕೆ ಫೇಲ್.

ಆದರೆ ಇದೇ ಲೆಕ್ಕ ಹಿಡಿದು ಇಂಗ್ಲಿಷಿನ ದೊಡ್ಡ ದೊಡ್ಡ ಪ್ರೇಮ ಕಾದಂಬರಿಗಳನ್ನು ನೋಡಿದರೆ ಮಜಾ ಇದೆ. 'ಜೇನ್ ಐರ್'ನಲ್ಲಿ (1847) ಜೇನ್‌ಗೆ 18, ರಾಚೆಸ್ಟರ್ ಸುಮಾರು ಇಪ್ಪತ್ತು ವರ್ಷ ದೊಡ್ಡವನು. ಫೇಲ್. 'ಎಮ್ಮಾ'ದಲ್ಲಿ (1815) ಎಮ್ಮಾಗೆ ಇಪ್ಪತ್ತೊಂದರ ಹತ್ತಿರ, ನೈಟ್ಲಿ ಅವಳಿಗಿಂತ 16 ವರ್ಷ ದೊಡ್ಡವನು. ಫೇಲ್. 'ರೆಬೆಕಾ'ದಲ್ಲಿ (1938) ಅವಳಿಗೆ 21, ಅವನಿಗೆ 42. ಸರಿಯಾಗಿ ಅರ್ಧ! ಜೋರಾಗಿ ಫೇಲ್. ಹೀಗೆ ಫೇಲ್ ಆದವರನ್ನೇ ಜನ ನೂರಾರು ವರ್ಷದಿಂದ ಓದುತ್ತಿದ್ದಾರೆ.

ಮಲೆನಾಡ್_ಮಳೆ
'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯ ನಾಯಕ ಡಾರ್ಸಿಯನ್ನು ಬಿಟ್ಟಿರಿ. ಅವನೂ ನಲವತ್ತರ ಮುದುಕನೇ ಅಲ್ವಾ?

ಪುಸ್ತಕದ_ಹುಳ
ಇಲ್ಲ ಇಲ್ಲ, ಅವನಿಗೆ 28 ಅಷ್ಟೇ. ನಾಯಕಿ ಎಲಿಜಬೆತ್‌ಗೆ 20. ಸಿನಿಮಾ, ಸೀರಿಯಲ್ ನೋಡಿ ಜಾಸ್ತಿ ಅನ್ನಿಸಿರಬೇಕು. ಲೆಕ್ಕದ ಪ್ರಕಾರ ಅವಳು ಒಂದೇ ವರ್ಷಕ್ಕೆ ಫೇಲ್. ಗ್ರೇಸ್ ಮಾರ್ಕ್ಸ್ ಕೊಡೋಣ.

ಹೇಮಾವತಿ_ದಂಡೆ (ಹಾಸನ)
ಸರಿ, ನಾನು ಜಗಳಕ್ಕೇ ಬಂದಿದ್ದೇನೆ. ಎಲ್ಲರೂ ವರ್ಷ ಎಣಿಸುತ್ತಿದ್ದೀರಿ. ನನಗೆ ಆ ಕಂತು ಓದುವಾಗ ಕಿರಿಕಿರಿ ಆಗಿದ್ದು 19 ವರ್ಷದ ಅಂತರಕ್ಕಲ್ಲ. ಶನಿವಾರ ಬಟವಾಡೆ ಮಾಡುವವನು ಅವನು. ಕೈ ಚಾಚಿ ಸಂಬಳ ತಗೊಳ್ಳುವವಳು ಅವಳು. ಅವಳಪ್ಪನ ಆಸ್ಪತ್ರೆ ಖರ್ಚಿಗೆ ಸಾಲ ಕೊಟ್ಟವನೂ ಅವನೇ. ಅವಳಿರೋದು ತೋಟದ ಕ್ವಾರ್ಟರ್ಸಿನಲ್ಲಿ. ಅವಳು "ಬೇಡ" ಅಂದರೆ ಎಲ್ಲಿಗೆ ಹೋಗಬೇಕು? ಅವನಿಗೆ 42ರ ಬದಲು 26 ಅಂತ ಬರೆದರೂ ನನಗೆ ಇದೇ ಕಿರಿಕಿರಿ ಇರುತ್ತಿತ್ತು.

ಹುಳ ಸಾರ್ ಹೇಳಿದ ಪುಸ್ತಕಗಳನ್ನೇ ತಗೊಳ್ಳಿ. ಜೇನ್ ಅವನ ಮನೆಗೆ ಬಂದಿದ್ದು ಟೀಚರ್ ಕೆಲಸಕ್ಕೆ. ಸಂಬಳ ವರ್ಷಕ್ಕೆ 30 ಪೌಂಡ್. ಆ ಸ್ಥಿತಿಯಲ್ಲೇ ಅವರಿಬ್ಬರ ಮದುವೆ ಮಾಡಿಸಿ ಲೇಖಕಿ ಕೈ ತೊಳೆದುಕೊಳ್ಳಲಿಲ್ಲ. ಮದುವೆ ಮುರಿದು ಬೀಳುತ್ತೆ. ಅವಳು ಮನೆ ಬಿಟ್ಟು ಹೋಗುತ್ತಾಳೆ. ಚಿಕ್ಕಪ್ಪನ ಆಸ್ತಿ 20,000 ಪೌಂಡ್ ಬರುತ್ತೆ. ಅದನ್ನು ನಾಲ್ಕು ಪಾಲು ಮಾಡಿ, ತನ್ನ ಪಾಲಿಗೆ ಐದು ಸಾವಿರ ಇಟ್ಟುಕೊಂಡು, ಆಮೇಲೆ ತಾನಾಗೇ ವಾಪಸ್ ಬರುತ್ತಾಳೆ. ಅಷ್ಟರಲ್ಲಿ ಅವನ ಕಣ್ಣು ಹೋಗಿದೆ, ಒಂದು ಕೈ ಹೋಗಿದೆ, ಮನೆ ಸುಟ್ಟಿದೆ. ಇಪ್ಪತ್ತು ವರ್ಷದ ಅಂತರ ಹಾಗೇ ಇದೆ. ಬದಲಾಗಿದ್ದು ಯಾರ ಕೈ ಮೇಲಿದೆ ಅನ್ನೋದು.

ಪುಸ್ತಕದ_ಹುಳ
ಒಪ್ಪಿದೆ. ಎಮ್ಮಾಗೂ ಇದು ಸರಿಹೊಂದುತ್ತೆ. ಅವಳ ಹೆಸರಲ್ಲೇ 30,000 ಪೌಂಡ್ ಇದೆ. ನೈಟ್ಲಿ ಅವಳನ್ನು ಹುಟ್ಟಿದಾಗಿನಿಂದ ನೋಡಿದವನು, ಬುದ್ಧಿ ಹೇಳೋದು ಜಾಸ್ತಿ. ಆದರೆ ಕೊನೆಗೆ ಅವಳಪ್ಪ ಮಗಳನ್ನು ಬಿಟ್ಟು ಇರಲಾರ ಅಂತ ತನ್ನ ದೊಡ್ಡ ಮನೆ ಬಿಟ್ಟು ಇವನೇ ಅವಳ ಮನೆಗೆ ಬರುತ್ತಾನೆ.

ಶಿಲಾಬಾಲಿಕೆ
ಅಂದರೆ ಮನೆ ಅಳಿಯ! ಇದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲವಲ್ಲ.

ಕಡೂರು_ಎಕ್ಸ್‌ಪ್ರೆಸ್
ಮನೆ ಅಳಿಯ ಆಗೋಕೆ ನಾನೂ ರೆಡಿ. 30,000 ಪೌಂಡ್ ಇರೋ ಮಾವ ಇದ್ದರೆ ಹೇಳಿ.

ರಿಟೈರ್ಡ್_ಮೇಷ್ಟ್ರು (ಕೊಪ್ಪ)
ಇಂಗ್ಲೆಂಡಿಗೆ ಯಾಕೆ ಹೋಗ್ತೀರಿ ಮಕ್ಕಳೇ. ನಮ್ಮ ಮಲೆನಾಡಿನಲ್ಲೇ ಇದನ್ನು ಬರೆದವರಿದ್ದಾರೆ. 'ಕಾನೂರು ಹೆಗ್ಗಡಿತಿ' ಬಂದಿದ್ದು 1936ರಲ್ಲಿ. ವಯಸ್ಸಾದ ಚಂದ್ರಯ್ಯಗೌಡರು ಮೂರನೇ ಹೆಂಡತಿಯಾಗಿ ಹರೆಯದ ಸುಬ್ಬಮ್ಮನನ್ನು ತರುತ್ತಾರೆ. ಅದು ಪ್ರೇಮಕಥೆ ಅಲ್ಲವೇ ಅಲ್ಲ. ಮನೆ, ಜಮೀನು, ಯಜಮಾನಿಕೆ ಎಲ್ಲ ಅವರ ಕೈಲಿ. ಸುಬ್ಬಮ್ಮನಿಗೆ ಸಿಗೋದು ಹೆಗ್ಗಡಿತಿ ಅನ್ನೋ ಹೆಸರು ಮಾತ್ರ. ಅವಳ ಪಾಡು ಏನಾಯ್ತು ಅಂತ ಓದಿದವರಿಗೆ ಗೊತ್ತು. ಕುವೆಂಪು ಅದನ್ನು ಚಂದ ಮಾಡಿ ತೋರಿಸಲಿಲ್ಲ. ಈಗಿನವರು ಅದೇ ಸಾಮಾನನ್ನು ತಗೊಂಡು, ಗೌಡರಿಗೆ ಒಳ್ಳೇ ಷರ್ಟು ಹಾಕಿ, ಜೀಪು ಕೊಟ್ಟು, ಪ್ರೇಮ ಅಂತ ಮಾರುತ್ತಿದ್ದೀರಿ. ಬೇಜಾರು ಮಾಡ್ಕೋಬೇಡಮ್ಮ ತೋಟದ ದಾರಿ.

ತೋಟದ_ದಾರಿ
ಬೇಜಾರೇನಿಲ್ಲ ಮೇಷ್ಟ್ರೇ. ಜೀಪು ಮಾತ್ರ ಬಿಡೋಲ್ಲ.

ಮಲೆನಾಡ್_ಮಳೆ
ಮೇಷ್ಟ್ರು ಕೊಪ್ಪದವರು. ಅದಕ್ಕೇ ಕುವೆಂಪು ಅವರನ್ನು ತಂದರು. ಅವರು ಕುಪ್ಪಳಿಯವರು ಸಾರ್, ಶಿವಮೊಗ್ಗ ಜಿಲ್ಲೆ.

ರಿಟೈರ್ಡ್_ಮೇಷ್ಟ್ರು
ಬೆಳೆದಿದ್ದು ಕುಪ್ಪಳಿ. ಹುಟ್ಟಿದ್ದು 1904ರಲ್ಲಿ, ತಾಯಿಯ ತವರು ಹಿರೇಕೊಡಿಗೆಯಲ್ಲಿ. ಅದು ನಮ್ಮ ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ. ಈ ವಿಷಯದಲ್ಲಿ ಮಾತ್ರ ನಾನು ಯಾರಿಗೂ ಬಿಟ್ಟುಕೊಡೋಲ್ಲ.

ಹೇಮಾವತಿ_ದಂಡೆ
ಹಾಗಾದರೆ ನಮ್ಮ ಹಾಸನ ಜಿಲ್ಲೆಯಿಂದ ಭೈರಪ್ಪನವರು, ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರ. 'ವಂಶವೃಕ್ಷ'ದಲ್ಲಿ ಪ್ರೊಫೆಸರ್ ಸದಾಶಿವರಾಯರು ತಮ್ಮ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಕರುಣಾರತ್ನೆಯನ್ನು ಎರಡನೇ ಮದುವೆ ಆಗುತ್ತಾರೆ. ಅಲ್ಲಿ ಅವರಿಬ್ಬರನ್ನು ಕಟ್ಟಿಹಾಕೋದು ಪ್ರೊಫೆಸರ್ ಬರೆಯುತ್ತಿದ್ದ ಪುಸ್ತಕದ ಕೆಲಸ. ಮೊದಲ ಹೆಂಡತಿಯ ಗೋಳೂ ಅಲ್ಲೇ ಇದೆ, ಅದನ್ನು ಮುಚ್ಚಿಟ್ಟಿಲ್ಲ. ಗೈಡ್ ಮತ್ತು ವಿದ್ಯಾರ್ಥಿನಿ ಅನ್ನೋದು ಇವತ್ತಾದರೆ ದೂರು ಸಮಿತಿಗೆ ಹೋಗೋ ವಿಷಯ ಬಿಡಿ.

ಆಲೂಗಡ್ಡೆ_ಗೌಡ (ಹಾಸನ)
ನಾನೊಂದು ಮಾತು ಕೇಳ್ತೀನಿ. ನಿಮ್ಮ ಕಥೆಗಳಲ್ಲಿ 42 ವರ್ಷದವನಿಗೆ 23ರ ಹುಡುಗಿ ಹೇಗೆ ಸಿಗ್ತಾಳೆ? ನನಗೆ 36. ಎಂಟು ಎಕರೆ ಇದೆ, ಬೋರ್‌ನಲ್ಲಿ ನೀರಿದೆ, ಕುಡಿಯೋಲ್ಲ. ಹೆಣ್ಣು ನೋಡೋಕೆ ಹೋದ ಕಡೆಯೆಲ್ಲ "ಬೆಂಗಳೂರಲ್ಲಿ ಕೆಲಸ ಇದೆಯಾ?" ಅನ್ನೋದೇ ಮೊದಲ ಪ್ರಶ್ನೆ. ಮೇ ತಿಂಗಳಲ್ಲಿ ಜಲಂಧರ್ ಬಿತ್ತನೆ ಗೆಡ್ಡೆ ತಂದು ಹಾಕ್ತೀನಿ. ಮಳೆ ಜಾಸ್ತಿ ಆದರೆ ಅಂಗಮಾರಿ ರೋಗ ಬಂದು ಹೊಲ ಹೊಲವೇ ಕರ್ರಗಾಗುತ್ತೆ. ಆ ವರ್ಷ ಹೆಣ್ಣು ಕೇಳೋಕೂ ಹೋಗೋಲ್ಲ. 2023ರಲ್ಲಿ ಮಂಡ್ಯ ಕಡೆ ಹುಡುಗರು ಮದುವೆ ಆಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಅದಕ್ಕೇ ಹೇಳೋದು, ಕಾದಂಬರಿಯಲ್ಲಿ ವಯಸ್ಸಾದವನು ಯಾವಾಗಲೂ ಸಾಹುಕಾರ, ಡಾಕ್ಟರು, ಇಲ್ಲಾ ಕಂಪನಿ ಯಜಮಾನ. ನಲವತ್ತು ವರ್ಷದ ಬಡ ರೈತನನ್ನು ನಾಯಕ ಮಾಡಿ ನೋಡೋಣ. ಆಗ ಎಷ್ಟು ಜನ "ತೂಕದ ಗಂಡಸು" ಅಂತಾರೆ ಅಂತ ಗೊತ್ತಾಗುತ್ತೆ.

ಶಿಲಾಬಾಲಿಕೆ
ಗೌಡ್ರೇ, ಇದು ಈ ಚರ್ಚೆಯಲ್ಲೇ ಬೆಸ್ಟ್ ಮಾತು. ಆದರೆ ಬೆಂಗಳೂರು ಕೇಳೋ ಹುಡುಗಿಯನ್ನು ಬಯ್ಯಬೇಡಿ. ಕೊಟ್ಟಿಗೆ ಸಗಣಿ ಬಾಚಿ, ಅಡುಗೆ ಮಾಡಿ, ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋಗೋ ಅವ್ವನನ್ನು ನೋಡಿಯೇ ಅವಳು ಹಾಗೆ ಕೇಳ್ತಿರೋದು.

ಆಲೂಗಡ್ಡೆ_ಗೌಡ
ಬಯ್ಯಲಿಲ್ಲಮ್ಮ. ನಮ್ಮವ್ವನೂ ಹಾಗೇ ಅಂತಾಳೆ.

ಕಾಫಿ_ಕಣ (ಸಕಲೇಶಪುರ)
ವಿಷಯ ಬೇರೆ, ಕ್ಷಮಿಸಿ. ತೋಟದ ದಾರಿಯವರೇ, ನಿಮ್ಮ ಕಂತು ಓದಿದೆ. ಹೂವಿನ ನಡುವೆ ಕೈ ಹಿಡಿದರು, ಸರಿ. ಆದರೆ ಅದೇ ಕಂತಿನಲ್ಲಿ ದೀಪಾವಳಿ ಇದೆ. ದೀಪಾವಳಿಗೆ ಕಾಫಿ ಹೂ ಎಲ್ಲಿಂದ ಬಂತು? ನವೆಂಬರ್‌ನಲ್ಲಿ ಅರೇಬಿಕಾ ಹಣ್ಣು ಕುಯ್ಯೋಕೆ ಶುರು. ಹೂವು ಅರಳೋದು ಮಾರ್ಚ್, ಏಪ್ರಿಲ್ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ. ಅದೂ ಎರಡು ಮೂರು ದಿನ ಇದ್ದು ಕಂದಿ ಹೋಗುತ್ತೆ. ವಯಸ್ಸಿನ ಅಂತರ ನಾನು ಸಹಿಸ್ತೀನಿ, ಇದನ್ನು ಸಹಿಸೋಲ್ಲ.

ತೋಟದ_ದಾರಿ
ಅಯ್ಯೋ ದೇವರೇ. ದೀಪಾವಳಿ ತೆಗೆದು ಯುಗಾದಿ ಮಾಡ್ತೀನಿ.

ನಿರ್ವಾಹಕ
ದಯವಿಟ್ಟು ವಿಷಯಕ್ಕೆ ಬನ್ನಿ. ಕಾಫಿ ಬೇಸಾಯಕ್ಕೆ ಬೇರೆ ವಿಭಾಗ ಇದೆ.

ಸೋಮವಾರ_ಸಂತೆ (ಹಾಸನ)
ನಾನು ಅಂತರದ ಮದುವೆ ಒಳಗೇ ಇರುವವಳು. ನಮ್ಮವರು ನನಗಿಂತ ಹನ್ನೊಂದು ವರ್ಷ ದೊಡ್ಡವರು. ಮನೆಯವರು ನೋಡಿದ ಮದುವೆಯೇ. ನನಗೆ ಆಗ 27, ಅವರಿಗೆ 38. ಮೊದಲ ಕೆಲವು ವರ್ಷ ಕಾದಂಬರಿ ಥರಾನೇ ಇತ್ತು ಅನ್ನಬಹುದು. ಎಲ್ಲದಕ್ಕೂ ಅವರ ಹತ್ತಿರ ಉತ್ತರ ಇರುತ್ತಿತ್ತು. ಬ್ಯಾಂಕು, ಬಾಡಿಗೆ ಮನೆ, ನನ್ನ ತಮ್ಮನ ಕಾಲೇಜು ಸೀಟು ಎಲ್ಲ ಅವರೇ. ಹಾಯಾಗಿತ್ತು.

ಕಥೆ ಬರೆಯುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಆಮೇಲಿನದನ್ನು ನಾನು ಹೇಳ್ತೀನಿ ಕೇಳಿ. ಅವರದು ಸರ್ಕಾರಿ ಕೆಲಸ, 60ಕ್ಕೆ ನಿವೃತ್ತಿ. ಆಗ ನನಗೆ 49, ಮಗಳು ಎರಡನೇ ಪಿಯುಸಿ. ನನಗೆ ಅದೇ ವರ್ಷ ಪ್ರಮೋಷನ್ ಬಂತು. ನಾನು ಬೆಳಿಗ್ಗೆ ಎಂಟಕ್ಕೆ ಬ್ಯಾಗ್ ಹಾಕಿಕೊಂಡು ಹೊರಟರೆ ಅವರು ಪೇಪರ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಎಲ್ಲದಕ್ಕೂ ಉತ್ತರ ಗೊತ್ತಿದ್ದ ಮನುಷ್ಯನಿಗೆ ಈಗ ಫೋನಿನಲ್ಲಿ ಹಣ ಕಳಿಸೋಕೆ ನಾನೇ ಹೇಳಿಕೊಡಬೇಕು. ಅವರಿಗೆ ಅದು ಅವಮಾನ. ನನಗೆ ಸಿಟ್ಟು. ಒಂದು ವರ್ಷ ಮನೆಯಲ್ಲಿ ಬರೀ ಮೌನ.

ಈಗ ಸರಿ ಇದೆ. ಅಡುಗೆ ಅವರದು. ಸೊಪ್ಪಿನ ಬಸ್ಸಾರು ನನಗಿಂತ ಚೆನ್ನಾಗಿ ಮಾಡ್ತಾರೆ. ಆದರೆ ಈ ತಿರುವನ್ನು ಯಾವ ಪ್ರೇಮಕಥೆಯಲ್ಲೂ ನಾನು ಓದಲಿಲ್ಲ. 42ರ ಸಾಹುಕಾರ ಇನ್ನು ಹದಿನೆಂಟು ವರ್ಷಕ್ಕೆ 60 ಆಗ್ತಾನೆ. ಅವಳಿಗೆ ಆಗ 41. ಅಂದರೆ ಈಗ ಅವನಿರುವ ವಯಸ್ಸಿನ ಹತ್ತಿರ ಹತ್ತಿರ. ಅಲ್ಲಿಂದ ಕಥೆ ಶುರು ಮಾಡಿ ನೋಡೋಣ.

ತೋಟದ_ದಾರಿ
ಸಂತೆ ಅಕ್ಕ, ಇದನ್ನು ನೀವೇ ಬರೀಬೇಕು.

ಸೋಮವಾರ_ಸಂತೆ
ಪುರುಸೊತ್ತಿಲ್ಲ ಕಣಮ್ಮ. ಇನ್ನೂ ಸರ್ವಿಸ್ ಇದೆ.

ಅರಸೀಕೆರೆ_ಜಂಕ್ಷನ್
ಎಲ್ಲರೂ ಗಂಡೇ ದೊಡ್ಡವನು ಅಂತ ಇಟ್ಟುಕೊಂಡು ಮಾತಾಡ್ತಿದ್ದೀರಿ. ನನ್ನ ಹೆಂಡತಿ ನನಗಿಂತ ನಾಲ್ಕು ವರ್ಷ ದೊಡ್ಡವಳು. ಬರೀ ನಾಲ್ಕು! ಅದಕ್ಕೆ ನಮ್ಮ ದೊಡ್ಡಪ್ಪ ಮದುವೆಗೆ ಬರಲಿಲ್ಲ. ಸಚಿನ್ ತೆಂಡೂಲ್ಕರ್ ಹೆಂಡತಿ ಅವರಿಗಿಂತ ಐದು ವರ್ಷಕ್ಕೂ ಜಾಸ್ತಿ ದೊಡ್ಡವರು ಅಂತ ಹೇಳಿದರೆ, "ನೀನು ಮೊದಲು ನೂರು ಸೆಂಚುರಿ ಹೊಡಿ" ಅಂದರು. ದೊಡ್ಡಪ್ಪನಿಗೂ ದೊಡ್ಡಮ್ಮನಿಗೂ ಹದಿಮೂರು ವರ್ಷ ಅಂತರ, ಅದನ್ನು ಯಾರೂ ಲೆಕ್ಕ ಹಾಕಿಲ್ಲ.

ಕನ್ನಡದಲ್ಲಿ ಹೆಣ್ಣು ದೊಡ್ಡವಳಿರುವ ಕಥೆ ಅಂದರೆ ನನಗೆ ನೆನಪಾಗೋದು 'ಎಡಕಲ್ಲು ಗುಡ್ಡದ ಮೇಲೆ'. ಮಾಧವಿಗೆ ಮದುವೆ ಆಗಿದೆ, ನಂಜುಂಡ ಅವಳಿಗಿಂತ ಚಿಕ್ಕವನು. ಅದು ಸುಖವಾಗಿ ಮುಗಿಯುತ್ತಾ? ಇಲ್ಲ. ಗಂಡು ದೊಡ್ಡವನಾದರೆ ಕೊನೆಗೆ ತಾಳಿ, ಹೆಣ್ಣು ದೊಡ್ಡವಳಾದರೆ ದುರಂತ. ಇದು ಯಾವ ನ್ಯಾಯ?

ರಿಟೈರ್ಡ್_ಮೇಷ್ಟ್ರು
ಅಲ್ಲಿ ದುರಂತ ವಯಸ್ಸಿನಿಂದ ಬಂದಿದ್ದಲ್ಲ ಮಾರಾಯ. ಅವಳ ಗಂಡ ಯುದ್ಧದಲ್ಲಿ ಗಾಯ ಆಗಿ ಬಂದವನು. ಆ ದಾಂಪತ್ಯದ ಕಷ್ಟ ಬೇರೆ.

ಅರಸೀಕೆರೆ_ಜಂಕ್ಷನ್
ಇರಬಹುದು ಸಾರ್. ಸುಖವಾಗಿ ಮುಗಿಯೋ ಒಂದನ್ನು ಹೇಳಿ ಮತ್ತೆ.

ಅರಸೀಕೆರೆ_ಜಂಕ್ಷನ್
ಮೇಷ್ಟ್ರು ಆಫ್‌ಲೈನ್ ಹೋದರು.

ಮಲೆನಾಡ್_ಮಳೆ
ನಮ್ಮ ಕಡೆ ಅಂತರ ಜಾಸ್ತಿ ಇರೋಕೆ ಇನ್ನೊಂದು ಕಾರಣ ಯಾರೂ ಹೇಳಲೇ ಇಲ್ಲ. ಅಕ್ಕನ ಮಗಳನ್ನು ತರೋದು. ಸೋದರಮಾವ ಅಂದಮೇಲೆ ಹತ್ತು ಹದಿನೈದು ವರ್ಷ ದೊಡ್ಡವನೇ ಇರ್ತಾನೆ. ತೊಟ್ಟಿಲು ತೂಗಿದವನೇ ತಾಳಿ ಕಟ್ಟಿದ ಮನೆಗಳು ನಮ್ಮ ಊರಲ್ಲೇ ಎಷ್ಟೋ ಇವೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಇದು ನಿಷೇಧದ ಪಟ್ಟಿಯಲ್ಲಿದೆ. ಆದರೆ ರೂಢಿ ಇದ್ದ ಕಡೆ ನಡೆಯುತ್ತೆ ಅಂತ ಅದೇ ಕಾಯ್ದೆ ದಾರಿ ಬಿಟ್ಟಿದೆ. ಕರ್ನಾಟಕದಲ್ಲಿ ಈಗಲೂ ನೂರಕ್ಕೆ 27ರಷ್ಟು ಮದುವೆಗಳು ಸಂಬಂಧದೊಳಗೇ ಅಂತ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಅದರಲ್ಲಿ ಅತ್ತೆ ಮಗ, ಮಾವನ ಮಗ ಎಲ್ಲ ಸೇರಿದ್ದಾರೆ.

ಆದ್ದರಿಂದ "ಎತ್ತಿ ಆಡಿಸಿದವನೇ ಗಂಡನಾದ" ಅನ್ನೋ ಫ್ಲ್ಯಾಷ್‌ಬ್ಯಾಕ್ ಇಟ್ಟರೆ ನಮ್ಮ ಅಮ್ಮನ ವಯಸ್ಸಿನವರಿಗೆ ಏನೂ ಅನ್ನಿಸೋಲ್ಲ. ನನಗೆ ಮಾತ್ರ ಮೈ ಜುಮ್ಮೆನ್ನುತ್ತೆ, ಕೆಟ್ಟ ಅರ್ಥದಲ್ಲಿ.

ಕಪ್ಪು_ಕೋಟು (ಚಿಕ್ಕಮಗಳೂರು)
ಆ ಫ್ಲ್ಯಾಷ್‌ಬ್ಯಾಕ್ ಬೇಡವೇ ಬೇಡ. ಬರೆಯೋರಿಗೆ ಒಂದು ಮಾತು: ಏನೇ ಅಂತರ ಇಡಿ, ಪ್ರೇಮ ಶುರುವಾಗೋ ಹೊತ್ತಿಗೆ ಇಬ್ಬರಿಗೂ 18 ದಾಟಿರಲಿ. ಮದುವೆಗೆ ಕನಿಷ್ಠ ವಯಸ್ಸು 1929ರ ಶಾರದಾ ಕಾಯ್ದೆಯಲ್ಲಿ ಹುಡುಗಿಗೆ 14, ಹುಡುಗನಿಗೆ 18 ಇತ್ತು. 1978ರಲ್ಲಿ 18, 21 ಆಯಿತು. ಹುಡುಗಿಗೂ 21 ಮಾಡಬೇಕು ಅಂತ 2021ರಲ್ಲಿ ಮಸೂದೆ ಬಂತು, ಪಾಸ್ ಆಗದೆ ಬಿದ್ದುಹೋಯಿತು. ಅಂದಹಾಗೆ, ಇಬ್ಬರ ನಡುವೆ ಇಷ್ಟೇ ಅಂತರ ಇರಬೇಕು ಅಂತ ಯಾವ ಕಾನೂನೂ ಹೇಳೋಲ್ಲ.

ಶಿಲಾಬಾಲಿಕೆ
ನಮ್ಮಜ್ಜಿಗೆ ಮದುವೆ ಆದಾಗ 14, ತಾತನಿಗೆ 30. ಕೊನೆವರೆಗೂ ತಾತನ ಎದುರು ಕುರ್ಚಿ ಮೇಲೆ ಕೂರಲಿಲ್ಲ. ತಾತ ಹೋದ ಮೇಲೆ ಆ ಕುರ್ಚಿಯಲ್ಲೇ ಕೂತು ವಾರಪತ್ರಿಕೆ ಧಾರಾವಾಹಿ ಓದೋಳು. "ಈ ಕಥೆಯವಳು ಗಂಡನ ಹತ್ರ ಎಷ್ಟು ಮಾತಾಡ್ತಾಳೆ ನೋಡು, ನನಗೆ ಮಾತು ಬರೋ ಹೊತ್ತಿಗೆ ನಾಲ್ಕು ಮಕ್ಕಳಾಗಿದ್ವು" ಅನ್ನೋಳು. ನಗುತ್ತಾ ಹೇಳೋಳು. ನಮಗೆ ನಗು ಬರುತ್ತಿರಲಿಲ್ಲ.

ಗ್ಯಾಸ್_ಬುಕ್ಕಿಂಗ್ (ತರೀಕೆರೆ)
ನಾನು ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಹೇಳ್ತೀನಿ, ಬಯ್ಯೋರು ಬಯ್ಯಿರಿ. ನನಗೆ ಈ ಕಥೆಗಳು ಇಷ್ಟ. 42ರ ಸಾಹುಕಾರ ನನಗೆ ಬೇಕು.

ಬೆಳಿಗ್ಗೆ ಐದಕ್ಕೆ ಎದ್ದು ಇಬ್ಬರು ಮಕ್ಕಳ ಡಬ್ಬಿ, ಅತ್ತೆ ಮಾತ್ರೆ, ಬಸ್ಸು, ಆಫೀಸು, ವಾಪಸ್ ಬಂದರೆ ಹೋಮ್‌ವರ್ಕ್. ಗ್ಯಾಸ್ ಮುಗಿದರೆ ನಾನೇ ನೆನಪಿಡಬೇಕು. ಕರೆಂಟ್ ಬಿಲ್ ನಾನೇ. ನನ್ನ ಗಂಡ ನನಗಿಂತ ಒಂದೇ ವರ್ಷ ದೊಡ್ಡವನು. ನಿಮ್ಮ ಲೆಕ್ಕದಲ್ಲಿ ಸಮಾನರು ನಾವು. ಬಂದು ನೋಡಿ ನಮ್ಮ ಸಮಾನತೆ. ರಾತ್ರಿ ಹತ್ತೂವರೆಗೆ ಫೋನ್ ತೆಗೆದರೆ ಕಥೆಯಲ್ಲಿ ಒಬ್ಬ ಮನುಷ್ಯ, ತಲೆಯಲ್ಲಿ ಎರಡು ಬಿಳಿ ಕೂದಲು, ಅವಳಿಗೆ ತಲೆನೋವು ಅಂತ ಹೇಳದೇ ಗೊತ್ತಾಗಿ ಶುಂಠಿ ಕಾಫಿ ತಂದು ಕೊಡ್ತಾನೆ. ಅಷ್ಟು ಸಾಕು ನನಗೆ. ಅದು ಸುಳ್ಳು ಅಂತ ನನಗೆ ಗೊತ್ತಿಲ್ವಾ? ನನಗೆ ಬೇಕಿರೋದು ಯಜಮಾನ ಅಲ್ಲ. ನನ್ನ ತಲೆ ಮೇಲಿನ ಭಾರ ಸ್ವಲ್ಪ ಹೊತ್ತು ಹೊರೋ ಒಬ್ಬ ದೊಡ್ಡವನು. ಹೇಮಾವತಿಯವರು ಹೇಳಿದ್ದು ಸರಿ ಇರಬಹುದು, ಆದರೆ ನಾನು ಕಥೆ ಓದೋದು ತನಿಖೆ ಮಾಡೋಕಲ್ಲ.

ಹೇಮಾವತಿ_ದಂಡೆ
ನಿಮ್ಮನ್ನು ಯಾರು ಬಯ್ತಾರೆ. ನಾನೂ ಅಂಥವು ಓದಿದ್ದೇನೆ. ಶುಂಠಿ ಕಾಫಿ ಕೊಡಲಿ, ಬೇಡ ಅನ್ನೋಲ್ಲ. ಸಂಬಳದ ಕವರ್ ಇನ್ನೊಂದು ಕೈಯಲ್ಲಿ ಹಿಡಿದು ಕೊಡೋದು ಬೇಡ ಅಷ್ಟೇ.

ಗ್ಯಾಸ್_ಬುಕ್ಕಿಂಗ್
ಕವರ್ ಇಲ್ಲದಿದ್ದರೆ ಆ ಗುಂಡಿಗೆ ಡವಡವ ಎಲ್ಲಿಂದ ಬರುತ್ತೆ ಹೇಳಿ. ಆ ಭಯವೂ ಕಥೆಯ ಒಂದು ಭಾಗ. ಪೂರ್ತಿ ಸಮ ಮಾಡಿಬಿಟ್ಟರೆ ಅದು ಪ್ರೇಮಕಥೆ ಅಲ್ಲ, ಸಹಕಾರಿ ಸಂಘ.

ಕಡೂರು_ಎಕ್ಸ್‌ಪ್ರೆಸ್
ಸಹಕಾರಿ ಸಂಘದಲ್ಲಿ ಏನು ಕಮ್ಮಿ ಜಗಳ ಅಂದುಕೊಂಡಿರಿ.

ಕಾಫಿ_ಕಣ
ತೋಟದ ಒಳಗೇ ಪರಿಹಾರ ಇದೆ, ನಿರ್ವಾಹಕರು ಬಯ್ಯಬೇಡಿ. ನಾಯಕಿ ಲೆಕ್ಕ ಬರೆಯೋದು ಬೇಡ. ಅವಳನ್ನು ಕಾಫಿ ರುಚಿ ನೋಡುವವಳು ಮಾಡಿ. ಕಪ್ಪಿಂಗ್ ಅಂತಾರಲ್ಲ, ಅದು. ಸ್ವಂತ ಲ್ಯಾಬ್, ಚಿಕ್ಕಮಗಳೂರಿನಲ್ಲಿ. ಸಾಹುಕಾರ ವರ್ಷವಿಡೀ ಬೆಳೆದ ಕಾಫಿ ತಂದು ಅವಳ ಮುಂದೆ ಇಟ್ಟು, ಎಷ್ಟು ಅಂಕ ಕೊಡ್ತಾಳೋ ಅಂತ ಕೈ ಕಟ್ಟಿ ನಿಲ್ಲಬೇಕು. ರೇಟು ನಿಲ್ಲೋದು ಅವಳ ನಾಲಿಗೆ ಮೇಲೆ. ಗುಂಡಿಗೆ ಡವಡವ ಇದ್ದೇ ಇರುತ್ತೆ, ಅವನದು.

ಗ್ಯಾಸ್_ಬುಕ್ಕಿಂಗ್
ಅಯ್ಯೋ, ಇದು ಚೆನ್ನಾಗಿದೆ. ಆದರೆ ಶುಂಠಿ ಕಾಫಿ ಬಿಡಬೇಡಿ.

ತೋಟದ_ದಾರಿ
ತಗೊಂಡೆ! ಅವನಿಗೆ 42 ಹಾಗೇ ಇರಲಿ. ಅವಳಿಗೆ 31 ಮಾಡ್ತೀನಿ. 23ಕ್ಕೆ ಸ್ವಂತ ಲ್ಯಾಬ್, ಅಂಥ ನಾಲಿಗೆ ಎರಡೂ ಬರೋದು ಕಷ್ಟ.

ಕಡೂರು_ಎಕ್ಸ್‌ಪ್ರೆಸ್
ಹನ್ನೊಂದು ವರ್ಷ. ನನ್ನ ಗೆರೆಗಿಂತ ಒಂದು ಜಾಸ್ತಿ.

ಶಿಲಾಬಾಲಿಕೆ
ಅವನನ್ನು 41 ಮಾಡಿ, ಈ ಮನುಷ್ಯನಿಗೆ ನಿದ್ದೆ ಬರಲಿ.

ಆಲೂಗಡ್ಡೆ_ಗೌಡ
31 ಆದ ಮೇಲೆ ಅವಳು ಇನ್ನೂ ಸಾಹುಕಾರನನ್ನೇ ಯಾಕೆ ನೋಡಬೇಕು? ಪಕ್ಕದ ಜಮೀನಿನಲ್ಲಿ 36ರ ರೈತ ಒಬ್ಬ ಇದ್ದಾನೆ ಅಂತ ಒಂದು ಸಾಲಾದರೂ ಬರೀರಿ.

ತೋಟದ_ದಾರಿ
ಗೌಡ್ರೇ, ಅವನಿಗೆ ಒಂದು ಕಂತು ಗ್ಯಾರಂಟಿ.

ಕಾಫಿ_ಕಣ
ಬರೆಯೋಕೆ ಮುಂಚೆ ಒಂದು ಸಲ ಕಪ್ಪಿಂಗ್ ನೋಡಿ ಬನ್ನಿ. ಚಮಚದಲ್ಲಿ ತಗೊಂಡು ಇಡೀ ರೂಮಿಗೆ ಕೇಳೋ ಹಾಗೆ ಸೊರ್ ಅಂತ ಎಳೀಬೇಕು. ಬಾಯಲ್ಲಿ ಆಡಿಸಿ ಡಬ್ಬಕ್ಕೆ ಉಗೀಬೇಕು. ಸಾಹುಕಾರನಿಗೆ ಪ್ರೀತಿ ಹುಟ್ಟೋ ಗಳಿಗೆ ಅದರ ಮುಂಚೆ ಇಡ್ತೀರೋ ಆಮೇಲೆ ಇಡ್ತೀರೋ ನಿಮಗೆ ಬಿಟ್ಟಿದ್ದು.